ಥೀಮ್ ಪಾರ್ಕ್, ಮಾಲ್‌ಗಳಲ್ಲಿ ಪಾರ್ಕಿಂಗ್ ಶುಲ್ಕ ಕಟ್ಟಬೇಕಿಲ್ಲವೇ? ಗೇಟಿನಲ್ಲಿ ಜಗಳಕ್ಕೆ ನಿಲ್ಲುವ ಮುನ್ನ ಇದನ್ನು ಓದಿ

‘ಮಾಲ್, ಮಲ್ಟಿಪ್ಲೆಕ್ಸ್, ಥೀಮ್ ಪಾರ್ಕ್‌ಗಳಲ್ಲಿ ಪಾರ್ಕಿಂಗ್ ಶುಲ್ಕ ಕೇಳುವುದು ಕಾನೂನುಬಾಹಿರ. ಹೈಕೋರ್ಟ್ ತೀರ್ಪು ಬಂದಿದೆ. ಇನ್ನು ಮುಂದೆ ಯಾರೂ ಹಣ ಕೊಡಬೇಡಿ, ಎಲ್ಲ ಗ್ರೂಪುಗಳಿಗೂ ಕಳುಹಿಸಿ.’

ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬೇಸಿಗೆ ರಜೆ, ದಸರಾ ರಜೆ ಹತ್ತಿರ ಬಂದಂತೆಲ್ಲ ಇಂಥವಕ್ಕೆ ಮತ್ತೆ ಜೀವ ಬರುತ್ತದೆ.

ನಮ್ಮ ತಂಡದವರೊಬ್ಬರ ಕುಟುಂಬ ಇದನ್ನು ನಂಬಿಕೊಂಡೇ ಒಂದು ವಾಟರ್ ಪಾರ್ಕಿಗೆ ಹೋಗಿತ್ತು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದಾಗಿತ್ತು. ಗೇಟಿನಲ್ಲಿ ಪಾರ್ಕಿಂಗ್ ದುಡ್ಡು ಕೇಳಿದ ಕೂಡಲೇ ಮನೆಯ ಹಿರಿಯರು ಮೊಬೈಲ್ ತೆಗೆದು, ‘ಕೋರ್ಟ್ ಆರ್ಡರ್ ಇದೆ ನೋಡಪ್ಪ’ ಎಂದು ಚೀಟಿ ಕೊಡುವ ಹುಡುಗನ ಮುಂದೆ ಹಿಡಿದರು. ಹುಡುಗ, ‘ಅದೆಲ್ಲ ನನಗೆ ಗೊತ್ತಿಲ್ಲ ಸರ್. ಚೀಟಿ ಹರಿಯದೆ ಒಳಗೆ ಬಿಟ್ಟರೆ ನನ್ನ ಸಂಬಳದಲ್ಲಿ ಹಿಡೀತಾರೆ’ ಎಂದ. ಹಿಂದೆ ನಿಂತ ಕಾರುಗಳ ಹಾರ್ನ್ ಶುರುವಾಯಿತು. ಹಿಂದಿನ ಸೀಟಿನಲ್ಲಿದ್ದ ಮಕ್ಕಳ ಮುಖ ಸಪ್ಪಗಾಯಿತು. ಕೊನೆಗೆ ದುಡ್ಡು ಕೊಟ್ಟೇ ಒಳಗೆ ಹೋದರು. ಆದರೆ ಆ ದಿನದ ಖುಷಿ ಅರ್ಧ ಗೇಟಿನಲ್ಲೇ ಉಳಿಯಿತು.

ಇಲ್ಲಿ ತಪ್ಪು ಯಾರದು? ಫಾರ್ವರ್ಡ್ ಹೇಳಿದ್ದು ಸುಳ್ಳೇ? ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ. ಅದರಲ್ಲಿರುವ ನಿಜವೆಷ್ಟು, ಬಿಟ್ಟುಹೋಗಿರುವುದೆಷ್ಟು, ನಮಗೆ ನಿಜವಾಗಿ ಇರುವ ಹಕ್ಕು ಯಾವುದು ಎಂಬುದನ್ನು ನೋಡೋಣ.

ತೀರ್ಪು ಒಂದು ರಾಜ್ಯದ್ದು, ಫಾರ್ವರ್ಡ್ ಇಡೀ ದೇಶದ್ದು

ಮೊದಲು ನಿಜದ ಭಾಗ. 2019ರ ಜುಲೈನಲ್ಲಿ ಗುಜರಾತ್ ಹೈಕೋರ್ಟಿನ ವಿಭಾಗೀಯ ಪೀಠವು ಮಾಲ್ ಮತ್ತು ಮಲ್ಟಿಪ್ಲೆಕ್ಸ್‌ಗಳು ಪಾರ್ಕಿಂಗ್ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು ಹೇಳಿದ್ದು ಹೌದು. ಕಟ್ಟಡ ಕಟ್ಟಲು ಅನುಮತಿ ಪಡೆಯುವಾಗ ಇಷ್ಟು ಜಾಗವನ್ನು ಪಾರ್ಕಿಂಗಿಗೆ ಬಿಡಬೇಕೆಂಬ ನಿಯಮವಿದೆ. ಹಾಗೆ ಕಡ್ಡಾಯವಾಗಿ ಬಿಟ್ಟ ಜಾಗಕ್ಕೆ ಹಣ ಕೇಳಲು ಆ ನಿಯಮ ಅಧಿಕಾರ ಕೊಟ್ಟಿಲ್ಲ ಎಂಬುದು ತೀರ್ಪಿನ ತಿರುಳು. ಆದರೆ ಪೀಠ ಮುಂದಿಟ್ಟುಕೊಂಡು ನೋಡಿದ್ದು ಗುಜರಾತಿನ ಕಟ್ಟಡ ನಿಯಮಗಳನ್ನು.

ತೆಲಂಗಾಣದ ದಾರಿ ಬೇರೆ. ಅಲ್ಲಿನ ಸರ್ಕಾರ 2018ರ ಮಾರ್ಚಿನಲ್ಲಿ ಆದೇಶ ಹೊರಡಿಸಿ ಮಾಲ್, ಮಲ್ಟಿಪ್ಲೆಕ್ಸ್‌ಗಳಿಗೆ ಲೆಕ್ಕ ಕಟ್ಟಿಕೊಟ್ಟಿತು. ಮೊದಲ 30 ನಿಮಿಷ ಎಲ್ಲರಿಗೂ ಉಚಿತ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ, ಏನಾದರೂ ಕೊಂಡ ಬಿಲ್ ತೋರಿಸಿದರೆ ಉಚಿತ. ಒಂದು ಗಂಟೆ ದಾಟಿದರೆ, ಬಿಲ್ ಅಥವಾ ಸಿನಿಮಾ ಟಿಕೆಟಿನ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿದ್ದಲ್ಲಿ ಉಚಿತ. ಇದು ಹೈದರಾಬಾದಿನಲ್ಲಿ ನಡೆಯುವ ಮಾತು. ಅದೇ ಬಿಲ್ಲನ್ನು ಬೆಂಗಳೂರಿನ ಮಾಲ್‌ನಲ್ಲಿ ತೋರಿಸಿ ವಾದಿಸಿದರೆ ಪ್ರಯೋಜನವಿಲ್ಲ.

ಇನ್ನು ಕೇರಳ. 2022ರ ಜನವರಿಯಲ್ಲಿ ಕೊಚ್ಚಿಯ ಲುಲು ಮಾಲ್ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್, ಮೇಲ್ನೋಟಕ್ಕೆ ಮಾಲ್‌ಗೆ ಶುಲ್ಕ ವಸೂಲಿಯ ಹಕ್ಕಿಲ್ಲ ಎನಿಸುತ್ತದೆ ಎಂದಿತ್ತು. ಆ ಸಾಲು ದೇಶವೆಲ್ಲ ಓಡಾಡಿತು. ಅದು ಅಂತಿಮ ತೀರ್ಪಾಗಿರಲಿಲ್ಲ. ಮುಂದೆ ಅದೇ ಹೈಕೋರ್ಟ್, ಸ್ಥಳೀಯ ಸಂಸ್ಥೆಯ ಪರವಾನಗಿ ಇದ್ದರೆ ಶುಲ್ಕ ತೆಗೆದುಕೊಳ್ಳುವುದು ಬಿಡುವುದು ಕಟ್ಟಡದ ಮಾಲೀಕರಿಗೆ ಸೇರಿದ್ದು ಎಂದು ತೀರ್ಮಾನಿಸಿತು. 2025ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಲುವು ಎತ್ತಿಹಿಡಿಯಲ್ಪಟ್ಟಿತು. ಈ ಎರಡನೇ ಸುದ್ದಿ ಮಾತ್ರ ಮೊದಲಿನದರಷ್ಟು ಫಾರ್ವರ್ಡ್ ಆಗಲಿಲ್ಲ!

ಒಂದು ರಾಜ್ಯದ ಹೈಕೋರ್ಟಿನ ತೀರ್ಪು ಆ ರಾಜ್ಯದ ಮಟ್ಟಿಗೆ ಕಡ್ಡಾಯ. ಬೇರೆ ರಾಜ್ಯದ ನ್ಯಾಯಾಲಯದಲ್ಲಿ ವಕೀಲರು ಅದನ್ನು ಉದಾಹರಿಸಬಹುದು, ನ್ಯಾಯಾಧೀಶರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಗೇಟಿನಲ್ಲಿ ನಿಂತ ಹುಡುಗನಿಗೆ ಅದು ಆದೇಶವಾಗುವುದಿಲ್ಲ. ಇನ್ನೊಂದು ವಿಷಯ, ಇವೆಲ್ಲ ಮಾಲ್ ಮತ್ತು ಮಲ್ಟಿಪ್ಲೆಕ್ಸ್‌ಗಳ ಕುರಿತಾದವು. ಊರ ಹೊರಗೆ ಸ್ವಂತ ಜಮೀನಿನಲ್ಲಿ ನಡೆಯುವ ಥೀಮ್ ಪಾರ್ಕಿಗೆ ಇವನ್ನು ನೇರವಾಗಿ ಅಂಟಿಸಲಾಗದು.

ಉಚಿತ ಪಾರ್ಕಿಂಗ್ ನಿಜಕ್ಕೂ ಉಚಿತವೇ?

‘ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸೋದಕ್ಕೂ ದುಡ್ಡಾ?’ ಎಂಬುದು ಎಲ್ಲರ ಪ್ರಶ್ನೆ. ಈ ಖಾಲಿ ಜಾಗದ ಲೆಕ್ಕ ಸ್ವಲ್ಪ ನೋಡಿ.

ದೆಹಲಿಯ ಮಾಸ್ಟರ್ ಪ್ಲಾನ್ 2021ರ ಪ್ರಕಾರ ಬಯಲಿನಲ್ಲಿ ಒಂದು ಕಾರಿಗೆ 23 ಚದರ ಮೀಟರ್ ಜಾಗ ಬೇಕು, ನೆಲಮಾಳಿಗೆಯಲ್ಲಾದರೆ 32 ಚದರ ಮೀಟರ್. ಕಾರು ನಿಲ್ಲುವ ಜಾಗದ ಜೊತೆಗೆ ತಿರುಗಿಸಲು, ಹೊರಗೆ ತೆಗೆಯಲು ಬೇಕಾದ ದಾರಿಯೂ ಇದರಲ್ಲಿ ಸೇರಿದೆ. 23 ಚದರ ಮೀಟರ್ ಎಂದರೆ ಸುಮಾರು 247 ಚದರ ಅಡಿ. ನಮಗೆ ಗೊತ್ತಿರುವ ಅಳತೆಯಲ್ಲಿ ಹೇಳುವುದಾದರೆ, ಒಂದು 30x40 ಸೈಟಿನಲ್ಲಿ ಐದು ಕಾರು ಕೂಡ ಸರಿಯಾಗಿ ಹಿಡಿಸುವುದಿಲ್ಲ. ಜೀವಮಾನವಿಡೀ ದುಡಿದು ಕೊಳ್ಳುವ ಸೈಟಿನ ಅಳತೆ ಅದು!

ಈ ಜಾಗದ ಬೆಲೆಯನ್ನು ಯಾರೋ ಒಬ್ಬರು ಕೊಡಲೇಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆಯ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ 2005ರಲ್ಲಿ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಎಂಬ ದೊಡ್ಡ ಪುಸ್ತಕವನ್ನೇ ಬರೆದರು. ಪಾರ್ಕಿಂಗ್ ಉಚಿತ ಎಂದಾಗ ಅದರ ಖರ್ಚು ಮಾಯವಾಗುವುದಿಲ್ಲ, ಅಂಗಡಿಯ ಸಾಮಾನಿನ ಬೆಲೆಯೊಳಗೆ, ಮನೆಯ ಬಾಡಿಗೆಯೊಳಗೆ, ಟಿಕೆಟಿನೊಳಗೆ ಸೇರಿಕೊಳ್ಳುತ್ತದೆ ಎಂಬುದು ಅವರ ವಾದ. ಅಂದರೆ ಪಾರ್ಕಿಂಗ್ ಖರ್ಚನ್ನು ಪ್ರವೇಶ ಟಿಕೆಟ್‌ಗೆ ಸೇರಿಸಿದರೆ, ಸರ್ಕಾರಿ ಬಸ್ಸಿನಲ್ಲಿ ಬಂದ ಕುಟುಂಬವೂ ಕಾರಿನಲ್ಲಿ ಬಂದವರ ಜಾಗಕ್ಕೆ ಪಾಲು ಕೊಟ್ಟಂತೆ. ಹಾಗೆ ನೋಡಿದರೆ ಗಾಡಿ ತಂದವರು ಗಾಡಿಯ ಜಾಗಕ್ಕೆ ಹಣ ಕೊಡುವುದು ಅನ್ಯಾಯವಲ್ಲ.

ಈ ಜಾಗದ ಬೆಲೆ ಎಷ್ಟೆಂಬುದಕ್ಕೆ ಡಿಸ್ನಿಲ್ಯಾಂಡ್ ಒಳ್ಳೆಯ ಸಾಕ್ಷಿ. ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ 1955ರ ಜುಲೈ 17ರಂದು ಅದು ಆರಂಭವಾದಾಗ ಸುಮಾರು 100 ಎಕರೆ ಕಾರು ನಿಲ್ಲಿಸಲೆಂದೇ ಇತ್ತು. ಮುಂದೆ ಅದೇ ಜಾಗದಲ್ಲಿ ಎರಡನೇ ಪಾರ್ಕನ್ನೇ ಕಟ್ಟಿ 2001ರಲ್ಲಿ ತೆರೆದರು. ಕಾರುಗಳು ಬಹುಮಹಡಿ ಕಟ್ಟಡಕ್ಕೆ ಹೋದವು. 2024ರ ಅಕ್ಟೋಬರಿನಲ್ಲಿ ಅಲ್ಲಿ ಒಂದು ದಿನದ ಸಾಮಾನ್ಯ ಪಾರ್ಕಿಂಗ್ ಶುಲ್ಕ 35 ಡಾಲರ್‌ಗೆ ಏರಿತು.

ಹಾಗಾದರೆ ನಮಗೆ ಸಿಟ್ಟು ಬರುವುದೇಕೆ?

ಶುಲ್ಕಕ್ಕೆ ಕಾರಣವಿದೆ ಎಂದಮಾತ್ರಕ್ಕೆ ನಿಮ್ಮ ಸಿಟ್ಟು ತಪ್ಪು ಎಂದಲ್ಲ. ಸಿಟ್ಟಿಗೂ ಕಾರಣವಿದೆ.

1986ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ಎಂಬ ಮೂವರು ತಜ್ಞರು ಜನರ ಮುಂದೆ ಒಂದು ಸಂದರ್ಭ ಇಟ್ಟರು. ಒಂದು ಅಂಗಡಿಯಲ್ಲಿ ಹಿಮ ತೆಗೆಯುವ ಸಲಿಕೆಗೆ 15 ಡಾಲರ್. ರಾತ್ರಿ ಜೋರು ಹಿಮ ಬೀಳುತ್ತದೆ. ಬೆಳಿಗ್ಗೆ ಅಂಗಡಿಯವನು ಅದನ್ನು 20 ಡಾಲರ್ ಮಾಡುತ್ತಾನೆ. ಇದು ಸರಿಯೇ? 82 ಶೇಕಡಾ ಜನ ಅನ್ಯಾಯ ಎಂದರು. ಬೇರೆ ದಾರಿಯಿಲ್ಲದ ಹೊತ್ತು ನೋಡಿ ಬೆಲೆ ಏರಿಸಿದ್ದೇ ಅವರನ್ನು ಕೆರಳಿಸಿತ್ತು.

ಥೀಮ್ ಪಾರ್ಕಿನ ಗೇಟಿನಲ್ಲೂ ನಮ್ಮ ಸ್ಥಿತಿ ಅಂಥದ್ದೇ. ಊರಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ಬಂದಾಗಿದೆ. ಟಿಕೆಟಿನ ದುಡ್ಡು ಆಗಲೇ ಹೋಗಿದೆ. ಹೆದ್ದಾರಿಯ ಬದಿಯಲ್ಲಿ ಗಾಡಿ ಬಿಟ್ಟು ಹೋಗುವಂತಿಲ್ಲ. ಮಕ್ಕಳು ಕುಣಿಯುತ್ತಿದ್ದಾರೆ. ಆಗ ಎಷ್ಟು ಕೇಳಿದರೂ ಕೊಡಲೇಬೇಕು.

ಎರಡನೆಯದು ಬೆಲೆಯನ್ನು ತುಂಡು ಮಾಡಿ ಹೇಳುವ ಉಪಾಯ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಮಾರಾಟಶಾಸ್ತ್ರದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಮೂಲ ಬೆಲೆ ಮತ್ತು ಹೆಚ್ಚುವರಿ ಶುಲ್ಕವನ್ನು ಬೇರೆಬೇರೆಯಾಗಿ ಹೇಳಿದಾಗ ಜನರು ಒಟ್ಟು ಬೆಲೆಯನ್ನು ನಿಜಕ್ಕಿಂತ ಕಡಿಮೆ ಎಂದು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಕಂಡುಬಂತು. ಮನೆಯಲ್ಲಿ ಕೂತು ‘ತಲೆಗೆ ಇಷ್ಟು, ಐದು ಜನಕ್ಕೆ ಇಷ್ಟು’ ಎಂದು ಲೆಕ್ಕ ಹಾಕುವಾಗ ಪಾರ್ಕಿಂಗ್, ಲಾಕರ್, ಬಾಡಿಗೆ ಈಜುಡುಗೆ, ಊಟ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ತಿಂಗಳ ಸಂಬಳದಲ್ಲಿ ಉಳಿಸಿ ವರ್ಷಕ್ಕೊಮ್ಮೆ ಹೋಗುವ ಕುಟುಂಬಕ್ಕೆ ಈ ಚಿಲ್ಲರೆ ಖರ್ಚುಗಳೇ ಭಾರ.

ಆದ್ದರಿಂದ ‘ಶುಲ್ಕ ಯಾಕೆ?’ ಎನ್ನುವುದಕ್ಕಿಂತ ‘ಮೊದಲೇ ಯಾಕೆ ಹೇಳಲಿಲ್ಲ?’ ಎನ್ನುವುದು ಗಟ್ಟಿಯಾದ ಪ್ರಶ್ನೆ. ಗ್ರಾಹಕರು ಸಿಟ್ಟಾದರೆ ದೊಡ್ಡ ಸಂಸ್ಥೆಗಳೂ ಹಿಂದೆ ಸರಿದದ್ದುಂಟು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 2018ರಲ್ಲಿ ತನ್ನದೇ ಹೋಟೆಲಿನಲ್ಲಿ ತಂಗುವವರಿಗೂ ರಾತ್ರಿ ಪಾರ್ಕಿಂಗ್ ಶುಲ್ಕ ಹಾಕಿತು. ಅತಿಥಿಗಳ ಅಸಮಾಧಾನ ಕಡಿಮೆಯಾಗಲಿಲ್ಲ. 2023ರ ಜನವರಿಯಲ್ಲಿ ಅದನ್ನು ಕೈಬಿಟ್ಟಿತು.

ವಾರ್ಷಿಕ ಪಾಸ್: ಸಣ್ಣ ಅಕ್ಷರದಲ್ಲಿರುವುದೇ ದೊಡ್ಡ ವಿಷಯ

ಪಾರ್ಕಿಂಗ್‌ಗಿಂತ ಹೆಚ್ಚು ಹಣ ಸಿಕ್ಕಿಕೊಳ್ಳುವುದು ಪಾಸ್‌ಗಳಲ್ಲಿ. ‘ಒಂದು ಸಲ ಕಟ್ಟಿ, ವರ್ಷವಿಡೀ ಬನ್ನಿ’ ಎಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಭಾನುವಾರ ಮತ್ತು ಹಬ್ಬದ ದಿನ ನಡೆಯುವುದಿಲ್ಲ, ಪಾರ್ಕಿಂಗ್ ಸೇರಿಲ್ಲ, ಮೊದಲೇ ದಿನ ಕಾಯ್ದಿರಿಸಬೇಕು, ಬೇರೆಯವರಿಗೆ ಕೊಡುವಂತಿಲ್ಲ ಎಂಬ ಷರತ್ತುಗಳು ಕೆಳಗೆ ಇರುವೆ ಸಾಲಿನಂತೆ ಇರುತ್ತವೆ.

ಇದು ಕೋರ್ಟಿನವರೆಗೆ ಹೋದ ಒಂದು ಪ್ರಕರಣ ತಿಳಿದುಕೊಳ್ಳುವಂಥದ್ದು. 2021ರ ಆಗಸ್ಟಿನಲ್ಲಿ ಡಿಸ್ನಿಲ್ಯಾಂಡ್ ‘ಮ್ಯಾಜಿಕ್ ಕೀ’ ಎಂಬ ಪಾಸ್ ಯೋಜನೆ ತಂದಿತು. ಅದರಲ್ಲಿ ಅತಿ ದುಬಾರಿಯಾದ ‘ಡ್ರೀಮ್ ಕೀ’ಗೆ 1,399 ಡಾಲರ್. ಪಾರ್ಕಿಂಗ್ ಅದರಲ್ಲೇ ಸೇರಿತ್ತು, ನಿಷೇಧಿತ ದಿನಗಳು ಇಲ್ಲ ಎಂದೂ ಜಾಹೀರಾತಿನಲ್ಲಿತ್ತು. ಆದರೆ ಬರುವ ಮುನ್ನ ದಿನ ಕಾಯ್ದಿರಿಸಬೇಕಿತ್ತು. ಪಾಸ್ ಕೊಂಡ ಮಹಿಳೆಯೊಬ್ಬರು ನವೆಂಬರಿನ ಕೆಲವು ದಿನಗಳಿಗೆ ಪ್ರಯತ್ನಿಸಿದಾಗ ಪಾಸಿನವರಿಗೆ ಜಾಗವಿಲ್ಲ ಎಂದು ಬಂತು. ಅದೇ ದಿನಗಳಿಗೆ ಒಂದು ದಿನದ ಟಿಕೆಟ್ ಮಾತ್ರ ಮಾರಾಟಕ್ಕಿತ್ತು!

ನಿಷೇಧಿತ ದಿನ ಇಲ್ಲ ಎಂದು ಹಣ ಪಡೆದು, ಬೇರೆ ಹೆಸರಿನಲ್ಲಿ ನಿಷೇಧ ಹಾಕಿದಂತಾಯಿತು ಎಂದು ಅವರು ಮೊಕದ್ದಮೆ ಹೂಡಿದರು. ಸಂಸ್ಥೆ ತಪ್ಪನ್ನು ಒಪ್ಪಲಿಲ್ಲ. ಆದರೆ ಕೊನೆಗೆ 95 ಲಕ್ಷ ಡಾಲರ್ ರಾಜಿ ಮೊತ್ತ ಕೊಡಲು ಒಪ್ಪಿತು. ಪಾಸ್ ಕೊಂಡಿದ್ದವರು ಒಂದು ಲಕ್ಷಕ್ಕೂ ಹೆಚ್ಚು ಇದ್ದುದರಿಂದ ಒಬ್ಬೊಬ್ಬರ ಪಾಲಿಗೆ ಬಂದದ್ದು ಚಿಕ್ಕ ಮೊತ್ತವೇ. ಆದರೂ ಆ ಮಹಿಳೆ ಹಿಡಿದುಕೊಂಡದ್ದು ಜಾಹೀರಾತಿನಲ್ಲಿದ್ದ ಮಾತನ್ನು, ಅದೂ ಸಂಸ್ಥೆಯೇ ಬರೆದ ಮಾತನ್ನು. ಕೈಯಲ್ಲಿ ಅಂಥ ದಾಖಲೆ ಇದ್ದರೆ ವಾದಕ್ಕೆ ಬಲ ಬರುತ್ತದೆ.

ಮಾಲೀಕರು ಏನು ಬೇಕಾದರೂ ನಿಯಮ ಮಾಡಬಹುದೇ?

ಖಾಸಗಿ ಜಾಗದ ಮಾಲೀಕರಿಗೆ ತಮ್ಮ ನಿಯಮ ಮಾಡುವ ಹಕ್ಕಿದೆ. ಅದಕ್ಕೆ ಮಿತಿಯೂ ಇದೆ. 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ಚಿತ್ರಮಂದಿರಗಳ ವಿಷಯದಲ್ಲಿ ಎರಡನ್ನೂ ಹೇಳಿತು. ಹೊರಗಿನ ತಿಂಡಿ ತರಬಾರದು ಎನ್ನುವ ಹಕ್ಕು ಮಾಲೀಕರಿಗಿದೆ. ಆದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಚಿಕ್ಕ ಮಗುವಿಗೆಂದು ತಂದೆ ತಾಯಿ ಮಿತಿಯಲ್ಲಿ ತರುವ ಆಹಾರಕ್ಕೆ ಅವಕಾಶವಿರಬೇಕು. ಈ ತೀರ್ಪು ಚಿತ್ರಮಂದಿರಗಳಿಗೆ ಸಂಬಂಧಿಸಿದ್ದು, ಥೀಮ್ ಪಾರ್ಕಿಗೆ ಅಲ್ಲ. ಆದರೆ ನ್ಯಾಯಾಲಯಗಳು ಹಕ್ಕು ಮತ್ತು ಮಿತಿಯನ್ನು ಹೇಗೆ ತೂಗುತ್ತವೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನು, ಎಲ್ಲೆಡೆ ಕಾಣುವ ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಬೋರ್ಡ್. ಹಣವನ್ನೂ ತೆಗೆದುಕೊಂಡು, ಜವಾಬ್ದಾರಿಯೂ ಇಲ್ಲ ಎನ್ನಬಹುದೇ? 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ಬಿಟ್ಟಿದ್ದ ಮಾರುತಿ ಜೆನ್ ಕಾರು ಕಳುವಾಯಿತು. ಚೀಟಿಯಲ್ಲಿ ‘ಮಾಲೀಕರದ್ದೇ ಜವಾಬ್ದಾರಿ’ ಎಂದಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತು. 2019ರ ನವೆಂಬರಿನಲ್ಲಿ ಬಂದ ತೀರ್ಪು ಸ್ಪಷ್ಟವಾಗಿತ್ತು. ಕೀಲಿ ತೆಗೆದುಕೊಂಡು ಕಾರನ್ನು ವಶಕ್ಕೆ ಪಡೆದ ಮೇಲೆ ಅದನ್ನು ಜೋಪಾನವಾಗಿ ನೋಡಿಕೊಳ್ಳುವ ಹೊಣೆ ಹೋಟೆಲಿನದು. ತನ್ನ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಚೀಟಿಯ ಒಂದು ಸಾಲು ತೋರಿಸಿ ನುಣುಚಿಕೊಳ್ಳುವಂತಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಈ ಪ್ರಕರಣದಲ್ಲಿ ಕೀಲಿಯನ್ನು ಸಿಬ್ಬಂದಿಗೆ ಕೊಡಲಾಗಿತ್ತು. ನೀವೇ ಗಾಡಿ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡು ಹೋದಾಗ ವಾದ ಇಷ್ಟು ಸುಲಭವಲ್ಲ. ಹಾಗೆಂದು ಬೋರ್ಡ್ ಇದೆ ಎಂಬ ಕಾರಣಕ್ಕೆ ದೂರು ಕೊಡುವುದನ್ನೇ ಬಿಡಬೇಡಿ. ಚೀಟಿ ಇಟ್ಟುಕೊಳ್ಳಿ, ಕಳುವಾದರೆ ಮೊದಲು ಪೊಲೀಸ್ ದೂರು ಕೊಡಿ.

ಗೇಟಿನ ಜಗಳದ ಬದಲು ಏನು ಮಾಡಬಹುದು?

ಟಿಕೆಟ್ ಅಥವಾ ಪಾಸ್ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಪಾರ್ಕಿಂಗ್‌ಗೆ ಎಷ್ಟು? ಪಾಸ್ ಯಾವ ದಿನ ನಡೆಯುವುದಿಲ್ಲ? ದಿನ ಕಾಯ್ದಿರಿಸಬೇಕೇ? ಹೋಗಲಾಗದಿದ್ದರೆ ಹಣ ವಾಪಸ್ ಇದೆಯೇ? ಉತ್ತರ ಫೋನಿನಲ್ಲಿ ಬೇಡ, ಸಂದೇಶ ಅಥವಾ ಇಮೇಲ್‌ನಲ್ಲಿ ಪಡೆಯಿರಿ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೆಲೆ, ಷರತ್ತು ನಾಳೆ ಬದಲಾದರೂ ನಿಮ್ಮ ಮೊಬೈಲಿನಲ್ಲಿರುವ ಚಿತ್ರ ಬದಲಾಗುವುದಿಲ್ಲ.

ಕೊಟ್ಟ ಹಣಕ್ಕೆ ರಸೀದಿ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರವೇ. ಪ್ರವಾಸಿ ತಾಣಗಳಲ್ಲಿ ಪಾರ್ಕಿಂಗ್ ಗುತ್ತಿಗೆ ಹಿಡಿದವರು ಬೋರ್ಡಿನ ದರಕ್ಕಿಂತ ಹೆಚ್ಚು ಕೇಳಿದರೆ ಬೋರ್ಡಿನ ಫೋಟೊ ಮತ್ತು ಚೀಟಿ, ಎರಡೇ ನಿಮ್ಮ ಆಯುಧ. ಗುತ್ತಿಗೆ ಕೊಟ್ಟ ಇಲಾಖೆ ಅಥವಾ ಪಂಚಾಯಿತಿಗೆ ಇವೆರಡನ್ನೂ ಸೇರಿಸಿ ದೂರು ಕೊಡಿ.

ಆನ್‌ಲೈನ್ ಟಿಕೆಟ್‌ನಲ್ಲಿ ಮೊದಲು ಒಂದು ಬೆಲೆ ತೋರಿಸಿ, ಹಣ ಕಟ್ಟುವ ಕೊನೆಯ ಪುಟದಲ್ಲಿ ಹೊಸ ಶುಲ್ಕಗಳನ್ನು ಸೇರಿಸುವುದು ಇನ್ನೊಂದು ಕಿರಿಕಿರಿ. ಇದಕ್ಕೆ ‘ಡ್ರಿಪ್ ಪ್ರೈಸಿಂಗ್’ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ತಡೆದಿರುವ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಇದೂ ಒಂದು. ಕೇಳದೆಯೇ ಬೇರೊಂದು ವಸ್ತು ಅಥವಾ ದೇಣಿಗೆಯನ್ನು ಬಿಲ್ಲಿಗೆ ಸೇರಿಸುವುದೂ ಆ ಪಟ್ಟಿಯಲ್ಲಿದೆ. ಗಾಡಿ ತಂದವರಿಗೆ ಮಾತ್ರ ಇರುವ ಪಾರ್ಕಿಂಗ್ ಶುಲ್ಕ ಇದರಡಿ ಬಂದೇ ಬರುತ್ತದೆ ಎಂದು ಹೇಳಲಾಗದು. ಎಲ್ಲರ ಮೇಲೂ ಬೀಳುವ ಶುಲ್ಕವನ್ನು ಬಚ್ಚಿಟ್ಟಿದ್ದರೆ ಖಂಡಿತ ಕೇಳಬಹುದು.

ದೂರು ಕೊಡಲು ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದೂ ಕಡ್ಡಾಯವಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನೂರು ರೂಪಾಯಿಗೆ ಇಷ್ಟೆಲ್ಲ ಯಾಕೆ ಎನಿಸಬಹುದು. ಒಬ್ಬರ ನೂರು ರೂಪಾಯಿ ಸಣ್ಣದು. ಒಂದು ಭಾನುವಾರ ಬರುವ ಸಾವಿರ ಗಾಡಿಗಳ ನೂರು ರೂಪಾಯಿ ಒಂದು ಲಕ್ಷ.

ಕೊನೆಯದಾಗಿ

‘ಪಾರ್ಕಿಂಗ್ ಶುಲ್ಕ ಎಲ್ಲ ಕಡೆಯೂ ಕಾನೂನುಬಾಹಿರ’ ಎಂಬ ಫಾರ್ವರ್ಡ್ ದಾರಿ ತಪ್ಪಿಸುವಂಥದ್ದು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಶುಲ್ಕ ಇರಬಹುದು, ಆದರೆ ಅದನ್ನು ಮೊದಲೇ ತಿಳಿಯುವ ಹಕ್ಕು ನಮ್ಮದು, ರಸೀದಿ ಪಡೆಯುವ ಹಕ್ಕು ನಮ್ಮದು, ಹಣ ಪಡೆದು ಕೊಟ್ಟ ಮಾತಿನಂತೆ ಸೇವೆ ಕೇಳುವ ಹಕ್ಕು ನಮ್ಮದು.

ಮತ್ತೊಂದು ಮಾತು. ಗೇಟಿನಲ್ಲಿ ಬಿಸಿಲಿಗೆ ನಿಂತು ಚೀಟಿ ಹರಿಯುವ ಹುಡುಗ ಈ ದರ ನಿಗದಿ ಮಾಡಿದವನಲ್ಲ. ಅವನ ಮೇಲೆ ಕೂಗಾಡಿದರೆ ದರ ಇಳಿಯುವುದಿಲ್ಲ, ನಿಮ್ಮ ಮಕ್ಕಳ ರಜೆಯ ದಿನ ಮಾತ್ರ ಕೆಡುತ್ತದೆ. ಚೀಟಿ ತೆಗೆದುಕೊಳ್ಳಿ, ಬೋರ್ಡಿನ ಫೋಟೊ ತೆಗೆಯಿರಿ, ಒಳಗೆ ಹೋಗಿ ನೀರಾಟ ಆಡಿ. ದೂರು ಬೇಕಿದ್ದರೆ ಮರುದಿನ ಮನೆಯಲ್ಲಿ ಕೂತು ಕೊಡಬಹುದು.

ಆ ಹಳೆಯ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಮತ್ತೆ ಬಂದಾಗ, ಕಳುಹಿಸಿದವರನ್ನು ಹಂಗಿಸಬೇಡಿ. ಇದನ್ನು ಕಳುಹಿಸಿ.